ಡೆಬಿಯನ್‌ನಲ್ಲಿ ಡಿಫಾಲ್ಟ್ ಕಂಪೈಲರ್ ಉನ್ನತೀಕರಣ

ಡೆಬಿಯನ್ 1993ರಲ್ಲಿ ಆರಂಭವಾದ ಮುಕ್ತ ಕಾರ್ಯಾಚರಣ ವ್ಯವಸ್ಥೆ. ತನ್ನ ಪ್ಯಾಕೇಜುಗಳನ್ನು ಕಟ್ಟಲು ಅದು ಬಳಸುವ ಕಂಪೈಲರ್ ಜಿಸಿಸಿ. ರಿಚರ್ಡ್ ಸ್ಟಾಲ್ಮನ್ ಇದನ್ನು 1987ರಲ್ಲಿ ಬಿಡುಗಡೆ ಮಾಡಿದರು. ಹೊಸ ಜಿಸಿಸಿ ಬಂದಾಗ ಡೆಬಿಯನ್ ತನ್ನ ರೂಢಿಯ ಕಂಪೈಲರನ್ನೂ ಬದಲಿಸಬೇಕಾಗುತ್ತದೆ. ಭಾರತದ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್‌ಗೆ ಡೆಬಿಯನ್ನೇ ತಳಹದಿ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಬಳಕೆಯಾದ ಉಬುಂಟು ಕೂಡ ಅದೇ ಬಳ್ಳಿಯದು. ಹೀಗಾಗಿ ಅಲ್ಲಿಯ ನಿರ್ಧಾರದ ಫಲ ಬಹುಮಟ್ಟಿಗೆ ಇಲ್ಲಿಗೂ ಮುಟ್ಟುತ್ತದೆ.

ವಿಧಾನ

ಯಾವ ಆವೃತ್ತಿ ರೂಢಿಯದು ಎಂಬುದನ್ನು ‘ಜಿಸಿಸಿ-ಡಿಫಾಲ್ಟ್ಸ್’ ಎಂಬ ಸಣ್ಣ ಪ್ಯಾಕೇಜ್ ತೀರ್ಮಾನಿಸುತ್ತದೆ. ಅದನ್ನು ತಿದ್ದುವುದು ಸುಲಭ. ಅದಕ್ಕೂ ಮುನ್ನ ಸಂಗ್ರಹದಲ್ಲಿರುವುದನ್ನೆಲ್ಲ ಹೊಸ ಕಂಪೈಲರಿನಿಂದ ಕಟ್ಟಿ ನೋಡಿ, ಮುರಿದು ಬಿದ್ದದ್ದನ್ನು ಸರಿಪಡಿಸುವುದೇ ನಿಜವಾದ ದುಡಿಮೆ.

2015ರ ಸಂಕ್ರಮಣ

ಈ ಚರಿತ್ರೆಯಲ್ಲಿ ಹೆಚ್ಚು ವಿವರಕ್ಕೆ ಅರ್ಹವಾದದ್ದು ಜಿಸಿಸಿ 5. ಇದು 2015ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೂ ಮೊದಲು ಸಿ++ ಭಾಷೆಯ ‘ಸ್ಟ್ರಿಂಗ್’ನ ಹಲವು ಪ್ರತಿಗಳು ಒಂದೇ ಸ್ಮೃತಿಭಾಗವನ್ನು ಹಂಚಿಕೊಳ್ಳುತ್ತಿದ್ದವು, ಯಾರಾದರೂ ತಿದ್ದಿದಾಗ ಮಾತ್ರ ಬೇರೆ ಪ್ರತಿ ಹುಟ್ಟುತ್ತಿತ್ತು. 2011ರ ಸಿ++ ಮಾನಕ ಇದಕ್ಕೆ ಆಸ್ಪದ ಕೊಡಲಿಲ್ಲ. ‘ಲಿಸ್ಟ್’ನ ಉದ್ದವನ್ನು ಪ್ರತಿ ಬಾರಿ ಎಣಿಸದೆ ತಟ್ಟನೆ ಹೇಳಬೇಕೆಂಬ ನಿಯಮವನ್ನೂ ತಂದಿತು. ಆದ್ದರಿಂದ ಎರಡರ ಒಳರಚನೆಯೂ ಬದಲಾಯಿತು. ಹಳೆಯ ಕಂಪೈಲರಿನಿಂದ ಕಟ್ಟಿದ ಲೈಬ್ರರಿಗೆ ಹೊಸದಾಗಿ ಕಟ್ಟಿದ ಪ್ರೋಗ್ರಾಂ ಸ್ಟ್ರಿಂಗ್ ಕೊಟ್ಟರೆ, ಎರಡೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಓದುತ್ತವೆ. ಇಂಥ ಗೊಂದಲ ಗುಪ್ತವಾಗಿ ಉಳಿಯದಂತೆ ಜಿಸಿಸಿ ಹೊಸ ವಿಧಗಳಿಗೆ ಬೇರೆಯೇ ಸಂಕೇತನಾಮ ಕೊಟ್ಟಿತು; ಹೊಂದದಿದ್ದರೆ ಜೋಡಣೆಯ ಹಂತದಲ್ಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಡೆಬಿಯನ್ ಬಾಧಿತ ಲೈಬ್ರರಿಗಳನ್ನು ಮರುಕಟ್ಟಿ, ಹಲವುಗಳ ಹೆಸರಿಗೆ ‘ವಿ5’ ಎಂಬ ಬಾಲ ಹಚ್ಚಿತು. ಒಂದನ್ನು ಬದಲಿಸಿದರೆ ಅದನ್ನು ಅವಲಂಬಿಸಿದ್ದೆಲ್ಲವನ್ನೂ ಸರದಿಯಲ್ಲಿ ಬದಲಿಸಬೇಕಾಯಿತು.

ಸಿ++ನಲ್ಲಿ ಬರೆದದ್ದೆಲ್ಲ ಇದಕ್ಕೆ ಸಿಕ್ಕಲಿಲ್ಲ. ಉದಾಹರಣೆಗೆ, ‘ಅಣ್ಣಿಗೇರಿ’ ಎಂದು ಟೈಪಿಸಿದಾಗ ಅದರ ಎರಡನೆಯ ಅಕ್ಷರಕ್ಕಾಗಿ ಕಡತದಲ್ಲಿ ಕೂರುವುದು ಣ, ಹಲಂತ, ಮತ್ತೆ ಣ, ಗುಡಿಸು ಎಂಬ ಸಾಲು. ಅದನ್ನು ‘ಣ್ಣಿ’ ಎಂಬ ಒತ್ತಕ್ಷರವಾಗಿ ಪರದೆಗೆ ತರುವುದು, ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್‌ಗಳಲ್ಲಿ, ಹಾರ್ಫ್‌ಬಜ್ ಎಂಬ ಲೈಬ್ರರಿ. ಅದರ ಒಡಲು ಸಿ++, ಹೊರಬಾಗಿಲು ಮಾತ್ರ ಸಿ. ಸ್ಟ್ರಿಂಗ್‌ನ ಒಳರಚನೆ ಆ ಬಾಗಿಲು ದಾಟುವುದಿಲ್ಲ. ದೂರದೃಷ್ಟಿಯ ವಿನ್ಯಾಸವೆಂದರೆ ಇದೇ.

ಇತರ ಘಟ್ಟಗಳು

ಮತ್ತೊಂದು ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಜಿಸಿಸಿಯ ಆವೃತ್ತಿ ಏರಿಸುವ ಬದಲು ಕಂಪೈಲರನ್ನೇ ಬದಲಿಸಿತು. ಮುಖ್ಯ ಕಾರಣ ಹೊಸ ಜಿಸಿಸಿಯ ಜಿಪಿಎಲ್ 3 ಪರವಾನಗಿ. ಜಿಸಿಸಿ 4.2.1ರಲ್ಲೇ ನಿಂತಿದ್ದ ಅದು 2014ರ ಜನವರಿಯ 10.0 ಆವೃತ್ತಿಯಲ್ಲಿ ಎಕ್ಸ್86 ಯಂತ್ರಗಳಿಗೆ ಕ್ಲ್ಯಾಂಗ್ ಅನ್ನು ರೂಢಿಗೆ ತಂದಿತು.

2024ರ ಜಿಸಿಸಿ 14 ಸಿ ಭಾಷೆಯ ಹಳೆಯ ಸಡಿಲಿಕೆಗಳನ್ನು ಕಡಿತಗೊಳಿಸಿತು. ಮೊದಲೇ ಘೋಷಿಸದ ಫಂಕ್ಷನ್ ಕರೆದರೆ ಹಿಂದೆ ಬರುತ್ತಿದ್ದ ಎಚ್ಚರಿಕೆ ಈಗ ದೋಷ. ಇದರ ಸೂಕ್ಷ್ಮ ಅಪಾಯ ಕಾನ್ಫಿಗರ್ ಸ್ಕ್ರಿಪ್ಟುಗಳಲ್ಲಿದೆ. ಅವು ಪುಟ್ಟ ಪರೀಕ್ಷಾ ಪ್ರೋಗ್ರಾಂ ಕಟ್ಟಿ, ಒಂದು ಸೌಲಭ್ಯ ಇದೆಯೋ ಇಲ್ಲವೋ ನೋಡುತ್ತವೆ. ಆ ಪ್ರೋಗ್ರಾಂನಲ್ಲೇ ಹೆಡರ್ ಬಿಟ್ಟುಹೋಗಿದ್ದರೆ ಪರೀಕ್ಷೆ ಸೋತು, ಇರುವ ಸೌಲಭ್ಯವೂ ಇಲ್ಲವೆಂದು ದಾಖಲಾಗುತ್ತದೆ. ಕಟ್ಟುವ ಕೆಲಸ ನಿಲ್ಲದೆ ಮುಗಿಯುತ್ತದೆ. ಪ್ಯಾಕೇಜ್ ಮಾತ್ರ ಕುಂದಿರುತ್ತದೆ. ಕಟ್ಟಲಾಗದ ಪ್ಯಾಕೇಜಿಗಿಂತ ಇದು ಕೆಟ್ಟದ್ದು.

2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರ ರೂಢಿಯ ಕಂಪೈಲರ್ ಜಿಸಿಸಿ 14.2.