ಸೊನ್ನೆಯ ದೃಷ್ಟಾಂತ: ಒಂದು ಚಾರಿತ್ರಿಕ ವಿವೇಚನೆ

ಪುರಾಣ ಪ್ರವಚನಗಳಲ್ಲಿ ಬಹುಕಾಲದಿಂದ ಕೇಳಿಬರುವ ದೃಷ್ಟಾಂತವೊಂದುಂಟು. ದೇವನು ಒಂದು ಎಂಬ ಅಂಕೆಯಂತೆ, ಮನುಷ್ಯನು ಸೊನ್ನೆಯಂತೆ. ಒಂದರ ಬಲಕ್ಕೆ ಒಂದು ಸೊನ್ನೆ ಬಂದು ನಿಂತರೆ ಹತ್ತಾಗುತ್ತದೆ, ಎರಡು ನಿಂತರೆ ನೂರಾಗುತ್ತದೆ. ಆ ಒಂದನ್ನು ಒರಸಿಬಿಟ್ಟರೆ ಉಳಿದ ಸೊನ್ನೆಗಳು ಎಷ್ಟಿದ್ದರೂ ಅವಕ್ಕೆ ಬೆಲೆಯಿಲ್ಲ. ಶ್ರೀ ರಾಮಕೃಷ್ಣ ಪರಮಹಂಸರ (1836-1886) ಸಂಭಾಷಣೆಗಳಲ್ಲಿ ಈ ಅರ್ಥದ ಮಾತು ದಾಖಲೆಯಾಗಿದೆ. ಇದನ್ನೇ ಲಿಂಗಾಂಗಗಳಿಗೆ ಅನ್ವಯಿಸಿ, ಲಿಂಗವೇ ಒಂದು, ಅಂಗವೇ ಸೊನ್ನೆ ಎಂದು ವಿವರಿಸುವುದೂ, ಅಲ್ಲಿಂದ ಮುಂದುವರಿದು ಅಲ್ಲಮಪ್ರಭುವಿನ ಶೂನ್ಯವೂ ಗಣಿತದ ಸೊನ್ನೆಯೂ ಒಂದೇ ಎಂದು ತೀರ್ಮಾನಿಸುವುದೂ ಉಂಟು. ದೃಷ್ಟಾಂತವೇನೋ ಸೊಗಸಾಗಿದೆ. ಆದರೆ ಮನುಷ್ಯನು ಸ್ವತಃ ಬೆಲೆಯಿಲ್ಲದವನೆ, ಬೇರೊಂದರ ಪಕ್ಕದಲ್ಲಿ ನಿಂತಾಗ ಮಾತ್ರ ಬೆಲೆ ಪಡೆಯುವವನೆ ಎಂಬ ಗುರುತರವಾದ ಪ್ರಶ್ನೆ ಅದರ ಗರ್ಭದಲ್ಲಿದೆ. ಆದುದರಿಂದ ಈ ದೃಷ್ಟಾಂತವು ಎಲ್ಲಿಂದ ಬಂದಿತು, ಯಾರ ಕೈಯಲ್ಲಿ ಯಾವ ರೂಪ ತಾಳಿತು ಎಂಬುದನ್ನು ಪರಿಶೀಲಿಸುವುದು ಅವಶ್ಯಕ.

ಸೊನ್ನೆ ಎಂಬ ಮಾತು ಸಂಸ್ಕೃತದ ಶೂನ್ಯ ಶಬ್ದದ ತದ್ಭವ. ಇದೇ ಶೂನ್ಯವನ್ನು ಅರಬರು 'ಬರಿದು' ಎಂಬರ್ಥದ 'ಸಿಫ್ರ್' ಎಂಬ ತಮ್ಮ ಮಾತಿನಿಂದ ಅನುವಾದಿಸಿಕೊಂಡರು. ಇಟಲಿಯ ಲಿಯೊನಾರ್ಡೊ ಫಿಬೊನಾಚ್ಚಿಯು 1202ರಲ್ಲಿ ಬರೆದ ಗಣಿತಗ್ರಂಥದಲ್ಲಿ ಅದು 'ಜೆಫಿರಮ್' ಆಯಿತು. ಅದರಿಂದಲೇ 'ಜೀರೋ' ಹುಟ್ಟಿತು. 'ಸೈಫರ್' ಎಂಬ ಇನ್ನೊಂದು ಇಂಗ್ಲಿಷ್ ಮಾತೂ ಅದೇ ಸಿಫ್ರಿನ ಸಂತಾನವೇ. ಆ ಮಾತಿಗೆ ಸೊನ್ನೆ, ನಿಷ್ಪ್ರಯೋಜಕ ಮನುಷ್ಯ, ಗೂಢಲಿಪಿ ಎಂಬ ಮೂರರ್ಥಗಳು ಬಂದಿರುವುದು ಕುತೂಹಲಕರವಾಗಿದೆ. ಹೊಸ ಅಂಕಿಗಳನ್ನು ಯುರೋಪು ಸಂಶಯದಿಂದಲೇ ಬರಮಾಡಿಕೊಂಡಿತು. ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘವು 1299ರಲ್ಲಿ ಲೆಕ್ಕದ ಪುಸ್ತಕಗಳಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತ್ತು.

ಕನ್ನಡದಲ್ಲಿ ಸೊನ್ನೆಗೆ ಇನ್ನೊಂದು ಕೆಲಸವೂ ಇದೆ. ಕಾಗುಣಿತ ಕಲಿಯುವ ಮಗುವು 'ಕ'ಕ್ಕೆ ಸೊನ್ನೆ ಕೊಟ್ಟು 'ಕಂ' ಎನ್ನುತ್ತದೆ. ಅನುಸ್ವಾರವು ಯೋಗವಾಹವಾದುದರಿಂದ ಬೇರೊಂದು ಅಕ್ಷರದ ಯೋಗವಿಲ್ಲದೆ ಉಚ್ಚಾರಣೆಗೇ ಬರದು. ಲಿಪಿಯಲ್ಲಿಯೂ ಲೆಕ್ಕದಲ್ಲಿಯೂ ಒಂದೇ ಆಕಾರದ, ಒಂದೇ ಹೆಸರಿನ, ಮತ್ತೊಂದನ್ನು ಆಶ್ರಯಿಸಿ ನಿಲ್ಲುವ ಈ ಚಿಹ್ನೆಯನ್ನು ಬಾಲ್ಯದಿಂದ ಬರೆಯುತ್ತ ಬಂದವರಿಗೆ, ಸೊನ್ನೆಯೆಂದರೆ ಪರಾಶ್ರಯಿ ಎಂಬ ಭಾವನೆ ಬೇರೂರಿದ್ದರೆ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ಸೊನ್ನೆ ಪಡೆದ ಹುಡುಗನನ್ನೇ 'ಸೊನ್ನೆ' ಎಂದು ಕರೆದ ಉಪಾಧ್ಯಾಯರೂ ಇದ್ದಾರೆ. ಅಂಕವನ್ನು ಆಳಿನ ಮೇಲೆ ಹೊರಿಸುವ ಈ ಕ್ರೌರ್ಯದ ಹಿಂದೆಯೂ ಅದೇ ಭಾವನೆಯಿದೆ.

ಅಂಕಿಯ ಸ್ಥಾನಬೆಲೆಯನ್ನು ಮನುಷ್ಯನಿಗೆ ಹೋಲಿಸುವ ಪದ್ಧತಿ ಭಾರತದಲ್ಲಿ ಬಹು ಪ್ರಾಚೀನವಾದುದು. ಪತಂಜಲಿಯ ಯೋಗಸೂತ್ರಗಳಿಗೆ ವ್ಯಾಸಭಾಷ್ಯವೆಂದು ಪ್ರಸಿದ್ಧವಾದ ವ್ಯಾಖ್ಯಾನದಲ್ಲಿ, ಒಂದೇ ಗೆರೆಯು ನೂರರ ಸ್ಥಾನದಲ್ಲಿ ನೂರು, ಹತ್ತರ ಸ್ಥಾನದಲ್ಲಿ ಹತ್ತು, ಬಿಡಿಯ ಸ್ಥಾನದಲ್ಲಿ ಒಂದು ಎನಿಸುವಂತೆ, ಒಬ್ಬಳೇ ಸ್ತ್ರೀ ತಾಯಿ, ಮಗಳು, ಸೋದರಿ ಎನಿಸಿಕೊಳ್ಳುತ್ತಾಳೆ ಎಂದು ಹೇಳಿದೆ. ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿಯೂ ಗೆರೆಯ ಈ ಹೋಲಿಕೆ ಬರುತ್ತದೆ. ಆದರೆ ಈ ಎರಡು ಕಡೆಗಳಲ್ಲಿಯೂ ಹೋಲಿಕೆಗೆ ಬಂದಿರುವುದು ಗೆರೆ, ಸೊನ್ನೆಯಲ್ಲ. ಶೂನ್ಯಬಿಂದುವನ್ನೇ ಹೆಸರಿಸಿ ರೂಪಕ ಕಟ್ಟಿದವರಲ್ಲಿ ವಾಸವದತ್ತೆಯ ಕರ್ತೃ ಸುಬಂಧು ಪ್ರಾಚೀನನು. ಅವನ ಕಲ್ಪನೆ ಅದ್ಭುತವಾದುದು: ವಿಧಾತನು ಚಂದ್ರನೆಂಬ ಸುಣ್ಣದ ಕಡ್ಡಿಯನ್ನು ಹಿಡಿದು, ಕತ್ತಲಿನ ಮಸಿಯಿಂದ ಕಪ್ಪಾದ ಆಕಾಶದ ಮೇಲೆ ವಿಶ್ವದ ಲೆಕ್ಕ ಹಾಕುತ್ತಾನೆ. ಸಂಸಾರವು ತೀರ ಬರಿದಾದುದರಿಂದ ಅಲ್ಲಿ ಶೂನ್ಯಬಿಂದುಗಳನ್ನು ಇಡುತ್ತ ಹೋಗುತ್ತಾನೆ. ಅವೇ ನಕ್ಷತ್ರಗಳು. ಇಲ್ಲಿ ಸೊನ್ನೆಯೆಂದರೆ ನಿಸ್ಸಾರತೆ. 17ನೆಯ ಶತಮಾನದ ಹಿಂದೀ ಕವಿ ಬಿಹಾರಿಯಲ್ಲಿ ಭಾವ ತಲೆಕೆಳಗಾಗಿದೆ. ಬಿಂದುವಿನಿಂದ ಅಂಕೆ ಹತ್ತುಪಟ್ಟಾಗುವುದೆಂದು ಲೋಕವೆಲ್ಲ ಹೇಳುತ್ತದೆ, ಹೆಣ್ಣಿನ ಹಣೆಯ ಬಿಂದುವಾದರೋ ಕಾಂತಿಯನ್ನು ಲೆಕ್ಕವಿಲ್ಲದಷ್ಟು ಹೆಚ್ಚಿಸುತ್ತದೆ ಎಂದು ಅವನು ಚಮತ್ಕರಿಸುತ್ತಾನೆ.

ಪಶ್ಚಿಮದಲ್ಲಿಯೂ ಈ ಎರಡು ಭಾವಗಳು ಜೊತೆಜೊತೆಯಾಗಿ ನಡೆದಿವೆ. ಷೇಕ್ಸ್‌ಪಿಯರನ ಲಿಯರ್ ನಾಟಕದಲ್ಲಿ, ರಾಜ್ಯವನ್ನೆಲ್ಲ ಹಂಚಿಕೊಟ್ಟು ಬರಿಗೈಯಾದ ರಾಜನನ್ನು ವಿದೂಷಕನು ಅಂಕೆಯಿಲ್ಲದ ಸೊನ್ನೆಗೆ ಹೋಲಿಸಿ ಹೀಯಾಳಿಸುತ್ತಾನೆ. ಅದಕ್ಕೂ ಕೆಲವು ವರ್ಷ ಮೊದಲು, 1599ರ ಸುಮಾರಿಗೆ ರಚಿತವಾದ ಐದನೆಯ ಹೆನ್ರಿ ನಾಟಕದ ಪೀಠಿಕೆಯಲ್ಲಿ ಅದೇ ಕವಿ ನಟರ ಬಾಯಿಂದ ಬೇರೆ ಮಾತನ್ನು ಆಡಿಸಿದ್ದಾನೆ. ಒಂದು ವಕ್ರಾಕೃತಿಯು ಸಣ್ಣ ಸ್ಥಳದಲ್ಲಿ ನಿಂತು ಹತ್ತುಲಕ್ಷವನ್ನು ಸಾರಬಲ್ಲುದಾದುದರಿಂದ, ಈ ಮಹಾಲೆಕ್ಕದ ಸೊನ್ನೆಗಳಾದ ತಮಗೆ ಪ್ರೇಕ್ಷಕರ ಕಲ್ಪನೆಯ ಮೇಲೆ ಕೆಲಸಮಾಡಲು ಅಪ್ಪಣೆಯಾಗಬೇಕೆಂದು ನಟರು ಬೇಡುತ್ತಾರೆ. ಪ್ರವಚನಕಾರರ ದೃಷ್ಟಾಂತಕ್ಕಿಂತ ಈ ನಟರ ಮಾತು ಲೆಕ್ಕದ ಸತ್ಯಕ್ಕೆ ಹತ್ತಿರವಾಗಿದೆ ಎನ್ನಬೇಕಾಗುತ್ತದೆ.

ಏಕೆಂದರೆ, ಹತ್ತು ಎಂಬ ಬರಹವನ್ನು ಸಾವಧಾನವಾಗಿ ನೋಡಿದರೆ ಬೆಲೆ ಹೆಚ್ಚಿಸಿಕೊಂಡದ್ದು ಯಾವುದು? ಬಿಡಿಯ ಸ್ಥಾನದಲ್ಲಿ ನಿಂತ ಸೊನ್ನೆ ಆಗಲೂ ಸೊನ್ನೆಯೇ. ಅದು ಬಂದು ಬಿಡಿಯ ಸ್ಥಾನವನ್ನು ಕಾಯುತ್ತ ನಿಂತುದರಿಂದ ಒಂದು ಹತ್ತರ ಸ್ಥಾನಕ್ಕೆ ಏರಿತು. ಒಂದರಿಂದ ಸೊನ್ನೆಗೆ ಬೆಲೆ ಬರಲಿಲ್ಲ, ಸೊನ್ನೆಯಿಂದ ಒಂದಕ್ಕೆ ಬೆಲೆ ಬಂದಿತು. ಅದೇ ಸೊನ್ನೆ ಒಂದರ ಎಡಕ್ಕೆ, ಎಂದರೆ ಎಲ್ಲರಿಗಿಂತ ಮೊದಲು ಹೋಗಿ ನಿಂತರೆ ಯಾರಿಗೂ ಏನೂ ಲಾಭವಿಲ್ಲ. ನೂರಐದು ಎಂಬಲ್ಲಿ ನಡುವಿನ ಸೊನ್ನೆಯನ್ನು ಕೈಬಿಟ್ಟರೆ ಹದಿನೈದಾಗುತ್ತದೆ. ತಾನು ಏನೂ ಆಗದೆ ಇತರರನ್ನು ಅವರವರ ಸ್ಥಾನದಲ್ಲಿ ಉಳಿಸುವುದು ಆ ಸೊನ್ನೆಯ ಕೆಲಸ. ಆದುದರಿಂದ ದೃಷ್ಟಾಂತವನ್ನು ಲೆಕ್ಕಕ್ಕೆ ಸರಿಯಾಗಿ ಓದಿದರೆ ಅದು ದೇವನ ಪಕ್ಕದಲ್ಲಿ ನಿಂತು ಬೆಲೆ ಪಡೆಯುವ ಮನುಷ್ಯನ ಕಥೆಯಾಗುವುದಿಲ್ಲ, ದಾಸೋಹದ ಕಥೆಯಾಗುತ್ತದೆ. ಭಕ್ತರಲ್ಲಿ ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಎಣಿಸಿಕೊಂಡ ಬಸವಣ್ಣನವರ ನಿಲುವಿಗೆ ಈ ಓದು ಹೆಚ್ಚು ಒಪ್ಪುತ್ತದೆ.

ಆದರೂ ಇದು ಸ್ಥಾನದ ಸೊನ್ನೆಯ ಮಾತಾಯಿತು. ಗಣಿತದ ಇತಿಹಾಸದಲ್ಲಿ ಸೊನ್ನೆಗೆ ಎರಡು ಜನ್ಮಗಳು. ಬರಿಯ ಸ್ಥಳವನ್ನು ಸೂಚಿಸುವ ಗುರುತಾಗಿ ಅದರ ಮೊದಲನೆಯ ಜನ್ಮ. ಕಾಂಬೋಜ ದೇಶದ ಒಂದು ಶಾಸನದಲ್ಲಿ ಶಕ 605, ಎಂದರೆ ಕ್ರಿ.ಶ. 683 ಎಂಬ ಕಾಲವನ್ನು ನಡುವೆ ಚುಕ್ಕೆಯಿಟ್ಟು ಬರೆದಿದೆ. ಗ್ವಾಲಿಯರಿನ ಚತುರ್ಭುಜ ದೇವಾಲಯದ ಕ್ರಿ.ಶ. 876ರ ಶಾಸನದಲ್ಲಿ, 270 ಹಸ್ತ ಉದ್ದ 187 ಹಸ್ತ ಅಗಲದ ಹೂದೋಟವೂ ನಿತ್ಯ 50 ಹೂಮಾಲೆಗಳೂ ದತ್ತಿಯಾದುದನ್ನು ಇಂದಿನ ಸೊನ್ನೆಯಂತೆಯೇ ತೋರುವ ಸಣ್ಣ ವೃತ್ತಗಳಿಂದ ಬರೆದಿದೆ. ಸ್ವತಂತ್ರ ಸಂಖ್ಯೆಯಾಗಿ ಸೊನ್ನೆಯ ಎರಡನೆಯ ಜನ್ಮ ಬ್ರಹ್ಮಗುಪ್ತನಲ್ಲಿ. ಕ್ರಿ.ಶ. 628ರಲ್ಲಿ ಅವನು ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸಂಖ್ಯೆಗಳನ್ನು ಧನ, ಋಣ, ಶೂನ್ಯ ಎಂದು ವಿಂಗಡಿಸಿ, ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ವಿಧಿಗಳನ್ನು ಕೊಟ್ಟಿದ್ದಾನೆ. ಸಮಾನವಾದ ಧನವೂ ಋಣವೂ ಕೂಡಿದರೆ ಶೂನ್ಯ ಎಂಬುದು ಅವನ ವಿಧಿಗಳಲ್ಲೊಂದು. ಇಲ್ಲಿ ಸೊನ್ನೆ ಯಾರ ಪಕ್ಕದಲ್ಲಿಯೂ ನಿಂತಿಲ್ಲ. ಕೈಯಲ್ಲಿ ಕಾಸಿಲ್ಲದವನ ಲೆಕ್ಕವೂ ಸೊನ್ನೆ, ಸಾಲವೆಲ್ಲ ತೀರಿದವನ ಲೆಕ್ಕವೂ ಸೊನ್ನೆ. ಬರಹದಲ್ಲಿ ಎರಡಕ್ಕೂ ಭೇದವಿಲ್ಲ, ಬದುಕಿನಲ್ಲಿ ಭೇದವುಂಟು. ಸುಬಂಧುವಿನಿಂದ ಇಂದಿನ ಪ್ರವಚನಕಾರರವರೆಗೆ ರೂಪಕ ಕಟ್ಟಿದವರಲ್ಲಿ ಹೆಚ್ಚಿನವರು ಈ ಎರಡನೆಯ ಸೊನ್ನೆಯನ್ನು ಗಮನಿಸಿದಂತೆ ತೋರುವುದಿಲ್ಲ.

ಕನ್ನಡ ನಾಡಿನ ಗಣಿತಜ್ಞರು ಈ ಸೊನ್ನೆಯೊಡನೆ ಸೆಣಸಿದವರೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಹೇಳಿದನು. ಅದು ಸರಿಯಲ್ಲ. ಶಕ 1036ರಲ್ಲಿ (ಕ್ರಿ.ಶ. 1114) ಜನಿಸಿದ ಭಾಸ್ಕರಾಚಾರ್ಯನು ಅಂತಹ ರಾಶಿಯನ್ನು 'ಖಹರ' ಎಂದು ಕರೆದನು. ಸಹ್ಯಾದ್ರಿಯ ಬಳಿಯ ಅವನ ಊರು ಬಿಜ್ಜಡಬೀಡ ಎಲ್ಲಿಯದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಅವನ ಬೀಜಗಣಿತದಲ್ಲಿ ಖಹರಕ್ಕೆ ಕೊಟ್ಟಿರುವ ಉಪಮೆ ಪ್ರಸಿದ್ಧವಾಗಿದೆ. ಪ್ರಳಯದಲ್ಲಿ ಜೀವರಾಶಿಗಳು ಒಳಹೊಕ್ಕರೂ ಸೃಷ್ಟಿಯಲ್ಲಿ ಹೊರಬಂದರೂ ಅನಂತನಾದ ಅಚ್ಯುತನಲ್ಲಿ ಹೆಚ್ಚುಕಡಿಮೆಯಾಗದಂತೆ, ಈ ರಾಶಿಗೆ ಎಷ್ಟು ಕೂಡಿಸಿದರೂ ಕಳೆದರೂ ವಿಕಾರವಿಲ್ಲವೆಂದು ಅವನ ಅಭಿಪ್ರಾಯ. ಈ ಕೃತಿ ಸಿದ್ಧವಾದುದು 1150ರ ಸುಮಾರಿಗೆ. ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನೂ 12ನೆಯ ಶತಮಾನದವನೇ. ಅದೇ ಶತಮಾನದ ನಡುಭಾಗದಲ್ಲಿ ಕಲ್ಯಾಣದಲ್ಲಿ ಶರಣರು ಶೂನ್ಯದ ಮಾತಾಡುತ್ತಿದ್ದರು.

ಈ ಸಮಕಾಲೀನತೆಯೇ ಹಲವರನ್ನು ದಾರಿತಪ್ಪಿಸಿದೆ. ಭಾಸ್ಕರನ ಖಹರವನ್ನು ಅಲ್ಲಮನು ಬಲ್ಲನೆಂಬುದಕ್ಕಾಗಲಿ, ಗಣಿತದಿಂದ ಶರಣರ ಶೂನ್ಯ ಬಂದಿತೆಂಬುದಕ್ಕಾಗಲಿ ಆಧಾರವಿಲ್ಲ. ಹುಡುಕುವುದಾದರೆ ದಾರ್ಶನಿಕ ಪರಂಪರೆಯ ಕಡೆಗೆ ನೋಡುವುದು ಯುಕ್ತ. ಎಲ್ಲ ವಸ್ತುಗಳೂ ಸ್ವಭಾವಶೂನ್ಯ, ಸ್ವತಂತ್ರವಾದ ಸ್ವಭಾವವೆಂಬುದು ಯಾವುದಕ್ಕೂ ಇಲ್ಲ ಎಂದು ನಾಗಾರ್ಜುನನು ಬ್ರಹ್ಮಗುಪ್ತನಿಗಿಂತ ಹಲವು ಶತಮಾನಗಳ ಹಿಂದೆಯೇ ಪ್ರತಿಪಾದಿಸಿದ್ದನು. ಪರಂಪರೆಯು ಅಲ್ಲಮನ ಊರೆಂದು ಹೇಳುವ ಬಳ್ಳಿಗಾವೆಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧವಿಹಾರವಿತ್ತೆಂಬುದನ್ನು ಶಾಸನಗಳು ತಿಳಿಸುತ್ತವೆ. ಅಲ್ಲಿಯ ಕೋಡಿಯಮಠದಲ್ಲಿ ಅಧ್ಯಯನಕ್ಕಿದ್ದ ದರ್ಶನಗಳಲ್ಲಿ ಬೌದ್ಧದರ್ಶನವನ್ನೂ 1162ರ ಶಾಸನವು ಎಣಿಸಿದೆ. ಇಷ್ಟರಿಂದಲೇ ಅಲ್ಲಮನು ಬೌದ್ಧರ ಋಣಿಯೆಂದು ಸಿದ್ಧವಾಗುವುದಿಲ್ಲ. ಶೂನ್ಯವೆಂಬ ಮಾತು ಆ ಊರಿನ ಗಾಳಿಯಲ್ಲಿತ್ತು ಎಂದಷ್ಟೇ ಹೇಳಬಹುದು.

ಶರಣರು ಈ ಮಾತನ್ನು ಬಯಲು ಎಂಬ ಅಚ್ಚಗನ್ನಡ ಪದದಿಂದ ತಮ್ಮದಾಗಿಸಿಕೊಂಡರು. ಗಣಿತಜ್ಞರೂ ಸೊನ್ನೆಗೆ ಖ, ಅಂಬರ, ಗಗನ ಎಂಬ ಆಕಾಶದ ಹೆಸರುಗಳನ್ನೂ, ಪೂರ್ಣ ಎಂಬ ಹೆಸರನ್ನೂ ಕೊಟ್ಟಿದ್ದುಂಟು. ಆದರೆ ಬಯಲು ಎಂಬುದು ಆಕಾಶವಷ್ಟೇ ಅಲ್ಲ, ಕಾಲೂರಿ ನಿಲ್ಲುವ ನೆಲವೂ ಹೌದು. ಬಯಲುಸೀಮೆಯ ಒಕ್ಕಲಿಗನಿಗೆ ಬಯಲೆಂದರೆ ಏನೂ ಇಲ್ಲದುದಲ್ಲ, ಗೋಡೆಯಿಲ್ಲದುದು. ಈ ಅರ್ಥದಲ್ಲಿ ಮನುಷ್ಯಸ್ವಭಾವವು ಶೂನ್ಯವೆಂದರೆ ಅದು ಬೆಲೆಯಿಲ್ಲದುದೆಂದಲ್ಲ, ನಾನು ನನ್ನದೆಂಬ ಗೋಡೆ ಅದಕ್ಕೆ ಸಹಜವಾದುದಲ್ಲವೆಂದು. 15-16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇವರು ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ತಮ್ಮ ಗ್ರಂಥಕ್ಕೆ 'ಶೂನ್ಯಸಂಪಾದನೆ' ಎಂಬ ಹೆಸರನ್ನು ಉಳಿಸಿಕೊಂಡು ಬಂದರು. ಸಂಪಾದನೆಯೆಂಬುದು ಗಳಿಕೆಯ ಮಾತು. ಗಳಿಕೆಯ ಕೊನೆಯಲ್ಲಿ ಸೊನ್ನೆ ಬಂದರೆ ಲೋಕದ ದೃಷ್ಟಿಯಲ್ಲಿ ಅದು ನಷ್ಟ. ಋಣವೆಲ್ಲ ಕಳೆದ ಲೆಕ್ಕವೆಂದು ಬಗೆದರೆ ಮಾತ್ರ ಈ ಹೆಸರು ಹೊಂದುತ್ತದೆ. ಮಂಗಳವಾಡದಲ್ಲಿ ಕರಣಿಕನಾಗಿ, ಮುಂದೆ ಬಿಜ್ಜಳನ ಭಂಡಾರಿಯಾಗಿ ಲೆಕ್ಕವನ್ನು ಕೈಯಾರೆ ಬಲ್ಲವರು ಮುಂದಾಳಾಗಿದ್ದ ಸಮುದಾಯದಲ್ಲಿ ಈ ಅರ್ಥ ಹೊಳೆಯದೆ ಇದ್ದೀತೆ ಎಂದು ಊಹಿಸಲು ಅವಕಾಶವಿದೆ. ಅದು ಊಹೆಯೇ, ಪ್ರಮಾಣವಲ್ಲ.

ವೀರಶೈವ ಪರಂಪರೆಗೆ ಎಣಿಕೆಯ ಮೇಲೆ ಪ್ರೀತಿ ಹೆಚ್ಚು. ಅರುವತ್ತುಮೂವರು ಪುರಾತನರು, 770 ಅಮರಗಣಂಗಳು, ಕಲ್ಯಾಣದ 1,96,000 ಜಂಗಮರು. ಇಂತಹ ಪರಂಪರೆಯೇ ಅನುಭವಮಂಟಪದ ನಡುವೆ ಇಟ್ಟ ಪೀಠವನ್ನು ಶೂನ್ಯಸಿಂಹಾಸನವೆಂದು ಕರೆಯಿತು. ಈ ಎರಡು ಪ್ರವೃತ್ತಿಗಳು ಎದುರುಬದುರಾಗಿ ನಿಲ್ಲುವುದು ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗದಲ್ಲಿ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ, ಲಿಂಗಗಳನ್ನು ಪ್ರತಿಷ್ಠಿಸುತ್ತ ಪುಣ್ಯದ ಮೊತ್ತವನ್ನು ಬೆಳೆಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮನು ಬಂದು, ಅವನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆಲಸಗಾರರು ಸಿಟ್ಟಿಗೇಳುತ್ತಾರೆ, ಸಿದ್ಧರಾಮನೂ ಕೆರಳುತ್ತಾನೆ. ಸಂವಾದ ಮುಂದುವರಿದಂತೆ ಅಲ್ಲಮನು ತಿರಸ್ಕರಿಸುತ್ತಿರುವುದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಕರ್ತೃತ್ವದ ಮೊತ್ತವನ್ನು ಎಂಬುದು ಸ್ಪಷ್ಟವಾಗುತ್ತದೆ. ಸಿದ್ಧರಾಮನು ಕಲ್ಯಾಣಕ್ಕೆ ಬರುತ್ತಾನೆ. ಅಲ್ಲಮ, ಚೆನ್ನಬಸವಣ್ಣರ ತರುವಾಯ ಶೂನ್ಯಸಿಂಹಾಸನವನ್ನು ಏರಿದವನು ಅವನೇ ಎಂದು ಪರಂಪರೆ ಹೇಳುತ್ತದೆ. ಅವನದೆಂದು ಜನ ನಂಬಿರುವ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ, ಅದರ ನಡುವೆ ಸಿದ್ಧೇಶ್ವರನ ಗುಡಿಯಿದೆ.