ಚೀನಾದಿಂದ ಕೆಲಗೇರಿಯವರೆಗೆ: ಒಂದು ಕಪ್ಪು ಚಹಾದ ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಗುರುಗಳು ಫೋನ್ ಮಾಡಿದಾಗ ನಾನು ಬೆಂಗಳೂರಿನ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದೆ. ಗುಂಡಿ ಒತ್ತಿದರೆ ಕಾಗದದ ಲೋಟಕ್ಕೆ ಸುರಿಯುವ ಚಹಾ ಅದು. ಇಲ್ಲಿ ನಾನು 'ಚಹಾ' ಎಂದರೆ ಸಹೋದ್ಯೋಗಿಗಳು ನಗುತ್ತಾರೆ. ಮೈಸೂರು ಕಡೆಯವರಿಗೆ ಅದು 'ಟೀ', ಅದೂ ಕಾಫಿಯ ನಂತರದ್ದು. ನಮಗೆ ಮಾತ್ರ ಚಹಾ ಏಕೆ, ಅದನ್ನು ಹಾಗೆ ಕರೆಯುವುದು ಏಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ಓದಿದ್ದು ಬಿ.ಇ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ಹೆಸರಿನ ಮಾತು. ಜಗತ್ತಿನ ಬಹುತೇಕ ಭಾಷೆಗಳಲ್ಲಿ ಈ ಪಾನೀಯಕ್ಕೆ ಇರುವ ಹೆಸರುಗಳು ಎರಡೇ ಮೂಲದವು, ಎರಡೂ ಚೀನಾದವು. ಫುಜಿಯನ್ ಕರಾವಳಿಯ ಜನ 'ತೆ' ಎನ್ನುತ್ತಿದ್ದರು. ಡಚ್ ವ್ಯಾಪಾರಿಗಳ ಹಡಗು ಹತ್ತಿ ಅದು ಯುರೋಪಿಗೆ ಹೋಗಿ 'ಟೀ' ಆಯಿತು. ಚೀನಾದ ಉಳಿದ ಬಹುಭಾಗದಲ್ಲಿ 'ಚಾ'. ಅದು ನೆಲದ ದಾರಿಯಲ್ಲಿ ಪರ್ಷಿಯಾ, ರಷ್ಯಾಗಳ ಕಡೆ ಸಾಗಿತು. ಮಕಾವಿನಲ್ಲಿದ್ದ ಪೋರ್ಚುಗೀಸರೂ ಅದನ್ನೇ ಹಿಡಿದರು. ನಮ್ಮ 'ಚಹಾ' ಮರಾಠಿಯ 'ಚಹಾ'ದ ಒಡಹುಟ್ಟು. ಮನೆಯಲ್ಲಿ ಅವ್ವ 'ಚಾ' ಎಂದಾಗ ಚೀನಾದ ಮೂಲ ಶಬ್ದಕ್ಕೆ ಇನ್ನೂ ಹತ್ತಿರ ಇರುತ್ತಾಳೆ!

ಚೀನಾದಲ್ಲಿ ಎಂಟನೆಯ ಶತಮಾನದಲ್ಲೇ ಲು ಯು ಎಂಬ ವಿದ್ವಾಂಸ ಚಹಾ ಕುರಿತೇ ಒಂದು ಗ್ರಂಥ ಬರೆದಿದ್ದ. ಅಲ್ಲಿಯ ಚಹಾಮನೆಗಳು ವ್ಯಾಪಾರ, ಜಗಳ, ರಾಜಿ, ಹರಟೆ ಎಲ್ಲವೂ ನಡೆಯುವ ಊರಿನ ಕಟ್ಟೆಯಂತಿದ್ದವು. ಲಾವೋ ಶೆ ಎಂಬ ನಾಟಕಕಾರ 1957ರಲ್ಲಿ ಬರೆದ 'ಚಹಾಮನೆ' ನಾಟಕ, ಬೀಜಿಂಗಿನ ಒಂದೇ ಅಂಗಡಿಯಲ್ಲಿ ಕುಳಿತವರ ಮೂಲಕ ಐವತ್ತು ವರ್ಷಗಳ ಚೀನಾವನ್ನು ತೋರಿಸುತ್ತದೆ. ಜಪಾನಿನಲ್ಲಿ ಹದಿನಾರನೆಯ ಶತಮಾನದ ಸೆನ್ ನೊ ರಿಕ್ಯು ಎಂಬ ಚಹಾ ಗುರುವಿನ ಹೆಸರಿನೊಂದಿಗೆ ಬೆಸೆದುಕೊಂಡ ಚಹಾಕೋಣೆಗೆ ಬಾಗಿಲೇ ಬಲು ಗಿಡ್ಡ. ಎಂಥ ಯೋಧನಾದರೂ ಖಡ್ಗ ಹೊರಗಿಟ್ಟು ಮೈ ಬಗ್ಗಿಸಿಯೇ ಒಳಗೆ ಬರಬೇಕು. ಈ ಬಾಗಿಲನ್ನು ಓದುಗರು ನೆನಪಿನಲ್ಲಿಡಬೇಕು, ಮತ್ತೆ ಇಲ್ಲಿಗೆ ಬರುತ್ತೇನೆ.

ಇನ್ನು ನಮ್ಮ ಜಿಲ್ಲೆಯ ನಂಟು. 1662ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನನ್ನು ಮದುವೆಯಾದಳು. ಚಹಾ ಕುಡಿಯುವ ರೂಢಿ ಅವಳಿಂದ ಇಂಗ್ಲೆಂಡಿನ ಆಸ್ಥಾನದಲ್ಲಿ ಹರಡಿತು. ಅದೇ ಮದುವೆಯ ವರದಕ್ಷಿಣೆಯಾಗಿ ಮುಂಬಯಿ ದ್ವೀಪ ಇಂಗ್ಲಿಷರ ಕೈ ಸೇರಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಪೇಶ್ವೆಗಳ ಪತನದ ನಂತರ ಧಾರವಾಡ ಕಂಪನಿಯ ಆಳ್ವಿಕೆಗೆ ಬಂದು ಮುಂದೆ ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರವರೆಗೂ ನಮ್ಮ ಹಿರಿಯರ ಕಚೇರಿ ಕಾಗದಗಳೆಲ್ಲ ಮುಂಬಯಿಯ ಕಡೆ ಮುಖ ಮಾಡಿದ್ದವು. ಒಂದೇ ಮದುವೆಯ ಬಳುವಳಿಯಲ್ಲಿ ನಮ್ಮನ್ನು ಆಳುವ ಊರೂ ಇತ್ತು, ನಾವು ಮುಂದೆ ಕುಡಿಯಲಿದ್ದ ಚಹಾವೂ ಇತ್ತು.

ಚೀನಾದ ಚಹಾಕ್ಕೆ ಇಂಗ್ಲಿಷರು ಬೆಳ್ಳಿ ಸುರಿಯಬೇಕಾಗಿತ್ತು. ಆ ಲೆಕ್ಕ ಸರಿದೂಗಿಸಲು ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿದರು. 1839ರಲ್ಲಿ ಅಫೀಮಿನ ಯುದ್ಧವೇ ಆಯಿತು. ಈ ನಡುವೆ 1823ರಲ್ಲಿ ರಾಬರ್ಟ್ ಬ್ರೂಸ್ ಎಂಬಾತನಿಗೆ ಅಸ್ಸಾಮಿನ ಸಿಂಗ್ಫೊ ಜನರ ಮೂಲಕ ಅಲ್ಲಿಯ ಕಾಡು ಚಹಾ ಗಿಡದ ಪರಿಚಯವಾಯಿತು. ಆ ಬುಡಕಟ್ಟಿನ ಜನರಿಗೆ ಗಿಡ ಮೊದಲೇ ಗೊತ್ತಿತ್ತು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ತೋಟಗಳಿಗೆ ದೂರದ ಊರುಗಳಿಂದ ಕರಾರಿನ ಮೇಲೆ ಕರೆತಂದ ಕೂಲಿಗಳು ಬಿಟ್ಟು ಹೋಗಲಾರದ ಕಷ್ಟದಲ್ಲಿ ದುಡಿದರು. ಆದರೆ ಭಾರತೀಯರು ಮಾತ್ರ ಚಹಾ ಕುಡಿಯುತ್ತಿದ್ದುದು ಅಪರೂಪ. ಬೆಳೆ ಇಲ್ಲಿ, ಬಳಕೆ ಅಲ್ಲಿ.

ನಮಗೆ ಚಹಾ ಕಲಿಸಿದ್ದು ಪ್ರಚಾರ. 1903ರಲ್ಲಿ ಸರ್ಕಾರ ರಫ್ತಾಗುವ ಚಹಾದ ಮೇಲೆ ಒಂದು ಕರ ಹಾಕಿ, ಆ ಹಣವನ್ನು ಚಹಾ ಪ್ರಚಾರಕ್ಕೆ ಬಳಸಿತು. ರೈಲು ನಿಲ್ದಾಣ, ಗಿರಣಿ, ಸಂತೆಗಳಲ್ಲಿ ಚಹಾ ಕುದಿಸಿ ತೋರಿಸಿದರು. ನಮ್ಮ ಭಾಗಕ್ಕೆ 1880ರ ದಶಕದಲ್ಲೇ ಸದರ್ನ್ ಮರಾಠಾ ರೈಲ್ವೆ ಬಂದಿತ್ತು, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆಯೂ ಇತ್ತು. ಪುಣೆ-ಮುಂಬಯಿಗಳ ರೂಢಿ ಈ ದಾರಿಯಲ್ಲಿ ಬಂದಿತು. ಬಾಬಾಬುಡನ್‌ಗಿರಿಯ ಕಾಫಿ ಮೈಸೂರು ಸೀಮೆಯವರ ಅಂಗಳದ್ದು. ನಮಗೂ ಅವರಿಗೂ ಇರುವ ಕಪ್ಪಿನ ವ್ಯತ್ಯಾಸದ ಹಿಂದೆ ಇರುವುದು ಹಳೆಯ ಆಡಳಿತದ ಗಡಿ ಮತ್ತು ರೈಲಿನ ಹಳಿ. ಗಾಂಧೀಜಿಯವರು ಚಹಾ ಬೇಡವೆಂದು ಬರೆದರು, ಜನ ಕೇಳಲಿಲ್ಲ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರದಿಂದ ಸಣ್ಣ ಕಾಳಿನ ಕಡಕ್ ಚಹಾಪುಡಿ ಬಂದಿತು. ಸ್ವಾತಂತ್ರ್ಯಾನಂತರ ಅದು ಎಲ್ಲೆಡೆ ಹರಡಿ, ಸ್ವಲ್ಪ ಪುಡಿಗೆ ಹೆಚ್ಚು ಕಪ್ಪು ಸಿಗತೊಡಗಿದಾಗ ಚಹಾ ಬಡವರ ಮನೆಯ ಒಲೆಗೂ ಬಂದಿತು.

ಅದಕ್ಕೂ ಮೊದಲು ನಮ್ಮ ಊರುಗಳಲ್ಲಿ ಬಂದವರಿಗೆ ಬೆಲ್ಲ-ನೀರು, ಇಲ್ಲವೆ ಮಜ್ಜಿಗೆ. ಈಗ 'ಚಾ ಆತೇನ್ರಿ?' ಎನ್ನುವುದೇ ನಮಸ್ಕಾರ. ನಾವು ಅನಾದಿ ಕಾಲದ್ದೆಂದು ತಿಳಿದಿರುವ ಈ ಸಂಪ್ರದಾಯದ ವಯಸ್ಸು ನಮ್ಮ ಅಜ್ಜಂದಿರ ವಯಸ್ಸಿನಷ್ಟೇ.

ನನ್ನ ಅಜ್ಜ ಚಹಾವನ್ನು ಬಸಿಗೆ ಸುರುವಿಕೊಂಡು ಊದಿ ಕುಡಿಯುತ್ತಿದ್ದ. ಅವನ ಹರೆಯದಲ್ಲಿ ಒಂದು ಹಳ್ಳಿಯ ಚಹಾದಂಗಡಿಯಲ್ಲಿ ಕಂಡದ್ದನ್ನು ಒಮ್ಮೆ ಹೇಳಿದ. ಹೊರಗಿನ ಗೋಡೆಯ ಗೂಡಿನಲ್ಲಿ ಕೆಲವು ಬೇರೆ ಕಪ್ಪುಗಳಿರುತ್ತಿದ್ದವು. ದಲಿತರು ಅವನ್ನು ತಾವೇ ತೆಗೆದುಕೊಂಡು, ಹೊರಗೇ ನಿಂತು ಕುಡಿದು, ತಾವೇ ತೊಳೆದಿಡಬೇಕಾಗಿತ್ತು. "ನಾವು ಒಳಗ ಬಾಕಿನ ಮ್ಯಾಲೆ ಕುಂತು ಕುಡೀತಿದ್ವಿ. ಆವಾಗ ಅದು ತಪ್ಪು ಅಂತ ಅನಸಲೇ ಇಲ್ಲ ನೋಡಪಾ," ಎಂದ. ನಂತರ ಬಹಳ ಹೊತ್ತು ಮಾತಾಡಲಿಲ್ಲ. ಜಪಾನಿನ ಗಿಡ್ಡ ಬಾಗಿಲು ಎಲ್ಲರನ್ನೂ ಬಗ್ಗಿಸಿ ಒಳಗೆ ಕರೆಯಿತು. ನಮ್ಮ ಅಂಗಡಿಯ ಎತ್ತರದ ಬಾಗಿಲು ಕೆಲವರನ್ನು ಒಳಗೇ ಬಿಡಲಿಲ್ಲ. ಅಂಗಡಿ, ಹೋಟೆಲುಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು, 1955ರಲ್ಲಿ ಶಿಕ್ಷೆಯ ಕಾನೂನೂ ಬಂದಿತು. ಆದರೂ ಗೂಡಿನ ಕಪ್ಪು ಅಷ್ಟು ಬೇಗ ಹೋಗಲಿಲ್ಲ.

ನನ್ನ ಪಾಲಿನ ಒಂದು ನೆನಪೂ ಇದೆ. ನಾವು ಹೈಸ್ಕೂಲಿನಲ್ಲಿದ್ದಾಗ ನನ್ನ ಬೆಂಚಿನ ಗೆಳೆಯನೊಬ್ಬ ಒಂಬತ್ತನೆಯ ತರಗತಿಯ ನಡುವೆ ಬರುವುದನ್ನು ನಿಲ್ಲಿಸಿದ. ಕೆಲವು ದಿನಗಳ ನಂತರ ಧಾರವಾಡದ ಒಂದು ಚಹಾದಂಗಡಿಯಲ್ಲಿ ಅವನು ಗ್ಲಾಸು ತೊಳೆಯುತ್ತಿದ್ದುದನ್ನು ಕಂಡೆ. ನಾನು ಅಪ್ಪನೊಂದಿಗೆ ಕುಳಿತಿದ್ದೆ. ನನ್ನ ಮುಂದೆ ಗ್ಲಾಸು ಇಟ್ಟವನು ಅವನೇ. ಇಬ್ಬರೂ ಮಾತಾಡಲಿಲ್ಲ. ವಿಷಯ ತಿಳಿದು ನಮ್ಮ ಗುರುಗಳೊಬ್ಬರು ಅಲ್ಲಿಗೆ ಹೋಗಿ, ಚಹಾ ಕುಡಿದು, "ಹುಡುಗನ್ನ ಸಾಲಿಗೆ ಕಳಸ್ರಿ," ಎಂದು ಮಾಲೀಕರಿಗೆ ಕೇಳಿಕೊಂಡರು, ಅವನ ಮನೆಗೂ ಹೋದರು. ಅವನು ಒಂದು ತಿಂಗಳು ಬಂದ, ಮತ್ತೆ ಬರಲಿಲ್ಲ. ಮನೆಗೆ ಅವನ ದುಡಿಮೆ ಬೇಕಾಗಿತ್ತು. ಹೋಟೆಲು, ಚಹಾದಂಗಡಿಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರಲ್ಲಿ ನಾವು ಹತ್ತನೆಯ ತರಗತಿ ಮುಗಿಸಿಯಾಗಿತ್ತು.

ಕಳೆದ ಸಲ ಊರಿಗೆ ಬಂದಾಗ ಅವನ ಸ್ವಂತ ಚಹಾ ಗಾಡಿಯ ಮುಂದೆ ನಿಂತು ಕುಡಿದೆ. ಈ ಸಲ ಮಾತಾಡಿದೆವು. ಅವನ ಮಗಳು ಈಗ ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ. ದುಡ್ಡು ಕೊಡಲು ಹೋದರೆ, "ಇರಲಿ ಬಿಡೋ, ಆವತ್ತಿನ ಚಾದ ರೊಕ್ಕಾ ನಿಮ್ಮಪ್ಪ ಕೊಟ್ಟಾರ," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸುವರ್ಣ ಮಹೋತ್ಸವದ ದಿನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಚಹಾ ವ್ಯವಸ್ಥೆ ಇದೆ ಎಂದು ಕೇಳಿದ್ದೇನೆ. ಪಾಸಾದವರ ಜೊತೆಗೆ, ನಡುವೆ ಶಾಲೆ ಬಿಟ್ಟವರನ್ನೂ ಹುಡುಕಿ ಕರೆಯಬೇಕೆಂದು ಸಂಘಟಕರಲ್ಲಿ ನನ್ನ ವಿನಂತಿ. ಅವರೂ ಈ ಶಾಲೆಯ ಮಕ್ಕಳೇ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೊಂದು ಕಪ್ಪು ಚಹಾ ಕುಡಿಯೋಣ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು