ಬಡ ದೇಶದ ಬಾನಿನ ಕಾವಲು: ಈಕ್ವೆಡಾರ್ ವಾಯುಪಡೆಯ ಏಳುಬೀಳು

2009ರ ಅಕ್ಟೋಬರ್ 27. ದಕ್ಷಿಣ ಅಮೆರಿಕದ ಪುಟ್ಟ ದೇಶ ಈಕ್ವೆಡಾರ್‌ನ ರಾಜಧಾನಿ ಕ್ವಿಟೊದಲ್ಲಿ ಅಂದು ವಾಯುಪಡೆಯ ಹುಟ್ಟುಹಬ್ಬ. ವಿಮಾನ ನಿಲ್ದಾಣದಲ್ಲಿ ಕವಾಯತು ನಡೆದಿತ್ತು. ಕೆಲವೇ ತಿಂಗಳ ಹಿಂದೆ ಕೊಂಡುತಂದಿದ್ದ ಹೊಸ ಹೆಲಿಕಾಪ್ಟರ್‌ಗಳು ಸಾಲಾಗಿ ಹಾರಿ ಬಂದವು. ಅವುಗಳಲ್ಲೊಂದು ನೆರೆದಿದ್ದವರ ಕಣ್ಣೆದುರೇ ನೆಲಕ್ಕೆ ಬಿತ್ತು. ಪೈಲಟ್‌ಗಳು ಬದುಕಿಕೊಂಡರು. ಬಿದ್ದ ಹೆಲಿಕಾಪ್ಟರಿನ ಹೆಸರು ‘ಧ್ರುವ’. ಅದು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ.

ಸಾವಿರಾರು ಮೈಲಿ ದೂರದ ದೇಶವೊಂದು ಬೆಂಗಳೂರಿಗೆ ಬಂದು ಹೆಲಿಕಾಪ್ಟರ್ ಕೊಂಡದ್ದೇಕೆ? ಕೊಂಡ ಮೇಲೆ ಆದದ್ದೇನು? ಇದಕ್ಕೆ ಉತ್ತರ ಹುಡುಕಲು ಹೊರಟರೆ, ಬಡ ರಾಷ್ಟ್ರವೊಂದು ತನ್ನ ಆಕಾಶವನ್ನು ಕಾಯಲು ಪಡುವ ಪಾಡಿನ ಕಥೆಯೇ ತೆರೆದುಕೊಳ್ಳುತ್ತದೆ.

ಈಕ್ವೆಡಾರ್ ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟು ಇದೆ. ಜನಸಂಖ್ಯೆ ಎರಡು ಕೋಟಿಗಿಂತ ಕಡಿಮೆ. ಒಂದು ಕಡೆ ಪೆಸಿಫಿಕ್ ಸಾಗರ, ನಡುವೆ ಆಂಡೀಸ್ ಪರ್ವತಮಾಲೆ, ಇನ್ನೊಂದು ಕಡೆ ಅಮೆಜಾನ್ ಕಾಡು. ಇಂಥ ನಾಡಿನಲ್ಲಿ ವಿಮಾನದ ಬೆಲೆ ಏನೆಂಬುದನ್ನು ಜನರಿಗೆ ಮೊದಲು ತೋರಿಸಿಕೊಟ್ಟದ್ದು ಒಂದು ದಿನಪತ್ರಿಕೆ. ಗ್ವಾಯಕಿಲ್ ನಗರದ ‘ಎಲ್ ಟೆಲೆಗ್ರಾಫೊ’ ಪತ್ರಿಕೆಯ ಹೆಸರು ಹೊತ್ತ ಪುಟ್ಟ ವಿಮಾನವನ್ನು ಇಟಲಿಯ ಪೈಲಟ್ ಎಲಿಯಾ ಲಿಯುತ್ 1920ರ ನವೆಂಬರ್ 4ರಂದು ಆಂಡೀಸ್ ದಾಟಿಸಿ ಕ್ವೆಂಕಾ ಪಟ್ಟಣದಲ್ಲಿ ಇಳಿಸಿದರು. ವಾಯುಪಡೆ ತನ್ನ ಹುಟ್ಟನ್ನು ಗುರುತಿಸುವುದೂ ಅದೇ ವರ್ಷದಿಂದ.

ಆದರೆ ಹುಟ್ಟಿದ ಪಡೆ ಬೆಳೆಯಲಿಲ್ಲ. 1941ರಲ್ಲಿ ನೆರೆಯ ಪೆರು ಯುದ್ಧ ಹೂಡಿದಾಗ ಈಕ್ವೆಡಾರ್ ಬಳಿ ಹೇಳಿಕೊಳ್ಳುವಂಥ ಒಂದು ಯುದ್ಧವಿಮಾನವೂ ಇರಲಿಲ್ಲ. ಪೆರುವಿನ ವಿಮಾನಗಳು ಅಡ್ಡಿಯಿಲ್ಲದೆ ಬಾಂಬು ಹಾಕಿದವು, ಪ್ಯಾರಾಚೂಟ್ ಸೈನಿಕರನ್ನು ಇಳಿಸಿದವು. ಮರುವರ್ಷ ರಿಯೊ ಡಿ ಜನೈರೊದಲ್ಲಿ ಆದ ಒಪ್ಪಂದದಲ್ಲಿ, ಅಮೆಜಾನ್ ಸೀಮೆಯಲ್ಲಿ ತನ್ನದೆಂದು ಹೇಳುತ್ತಿದ್ದ ಭಾರಿ ಭೂಭಾಗವನ್ನು ಈಕ್ವೆಡಾರ್ ಬಿಟ್ಟುಕೊಡಬೇಕಾಯಿತು. ಆ ಗಾಯ ಅರ್ಧ ಶತಮಾನ ಮಾಯಲಿಲ್ಲ.

1950ರ ದಶಕದಲ್ಲಿ ಬ್ರಿಟನ್ನಿನಿಂದ ಮೀಟಿಯರ್ ಜೆಟ್‌ಗಳೂ ಕ್ಯಾನ್‌ಬೆರಾ ಬಾಂಬರ್‌ಗಳೂ ಬಂದವು. ನಿಜವಾದ ಬದಲಾವಣೆ ಆದದ್ದು ತೈಲದಿಂದ. 1972ರಲ್ಲಿ ಅಮೆಜಾನ್ ಕಾಡಿನ ಕಚ್ಚಾ ತೈಲ ಆಂಡೀಸ್ ದಾಟಿ ಬಂದರಿಗೆ ಹರಿಯತೊಡಗಿತು. ಆಗ ಅಧಿಕಾರದಲ್ಲಿದ್ದವರು ಸೇನಾಧಿಕಾರಿಗಳು. ಕೈಯಲ್ಲಿ ಕಾಸೂ ಇತ್ತು. ಆಂಗ್ಲೋ-ಫ್ರೆಂಚ್ ಜಾಗ್ವಾರ್ ಹನ್ನೆರಡು, ಫ್ರಾನ್ಸಿನ ಮಿರಾಜ್ ಎಫ್-1 ಹದಿನೆಂಟು ಬಂದವು. ಇಸ್ರೇಲಿನಿಂದ ಕ್‌ಫಿರ್ ಕೊಳ್ಳುವ ಮಾತೂ ಆಯಿತು.

ಕ್‌ಫಿರ್ ವಿಷಯದಲ್ಲಿ ಈಕ್ವೆಡಾರ್ ಮೊದಲ ಪಾಠ ಕಲಿಯಿತು. ವಿಮಾನ ಇಸ್ರೇಲಿನದಾದರೂ ಅದರ ಎಂಜಿನ್ ಅಮೆರಿಕದ್ದು. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ. ವ್ಯಾಪಾರ ಕುದುರಿದ್ದು ರೇಗನ್ ಬಂದ ಮೇಲೆ. ಮಾರುವವನೂ ಕೊಳ್ಳುವವನೂ ಒಪ್ಪಿದರೆ ಸಾಲದು, ಮೂರನೆಯವನೂ ತಲೆಯಾಡಿಸಬೇಕು. ಸ್ವಂತ ಕಾರ್ಖಾನೆ ಇಲ್ಲದ ದೇಶಗಳ ಹಣೆಬರಹ ಇದು.

ಖರೀದಿಯ ಜೊತೆಗೆ ಅನುಮಾನವೂ ಬಂತು. 1986ರಲ್ಲಿ ಜನರಲ್ ಫ್ರಾಂಕ್ ವರ್ಗಾಸ್, ಫೋಕರ್ ವಿಮಾನವೊಂದರ ಖರೀದಿಯಲ್ಲಿ ಭ್ರಷ್ಟಾಚಾರ ನಡೆದಿದೆ ಎಂದು ಆಪಾದಿಸಿ ಬಂಡೆದ್ದು ಸೆರೆಯಾದರು. 1987ರ ಜನವರಿ 16ರಂದು ತೌರಾ ವಾಯುನೆಲೆಗೆ ಬಂದ ಅಧ್ಯಕ್ಷ ಲಿಯಾನ್ ಫೆಬ್ರೆಸ್ ಕೊರ್ಡೆರೊ ಅವರನ್ನು ವಾಯುಪಡೆಯ ಸೈನಿಕರೇ ಒತ್ತೆಯಾಗಿ ಹಿಡಿದು, ವರ್ಗಾಸ್ ಬಿಡುಗಡೆಯ ಭರವಸೆ ಪಡೆದ ಮೇಲೆ ಬಿಟ್ಟರು.

ಇದೇ ಪಡೆ 1995ರಲ್ಲಿ ಜಗತ್ತನ್ನು ಬೆರಗುಗೊಳಿಸಿತು. ಗಡಿಯ ಸೆನೆಪಾ ಕಣಿವೆಯಲ್ಲಿ ಪೆರುವಿನೊಡನೆ ಮತ್ತೆ ಕಾಳಗ ಹತ್ತಿಕೊಂಡಿತು. ಫೆಬ್ರವರಿ 10ರಂದು ಮೇಜರ್ ರೌಲ್ ಬಂಡೆರಾಸ್ ಮತ್ತು ಕ್ಯಾಪ್ಟನ್ ಕಾರ್ಲೋಸ್ ಉಸ್ಕಾತೆಗಿ ತಮ್ಮ ಮಿರಾಜ್‌ಗಳಿಂದ ಪೆರುವಿನ ಎರಡು ಸುಖೋಯ್-22 ವಿಮಾನಗಳನ್ನು ಉರುಳಿಸಿದರು. ಕ್‌ಫಿರ್ ಒಂದು ಪೆರುವಿನ ಎ-37 ವಿಮಾನವನ್ನು ಕೆಡವಿತು. 1941ರ ಅಪಮಾನಕ್ಕೆ ಉತ್ತರ ಕೊಟ್ಟೆವೆಂದು ದೇಶ ಸಂಭ್ರಮಿಸಿತು.

ಆದರೆ ಗೆಲುವೂ ದುಬಾರಿಯಾಯಿತು. ಪೆರು ಮರುವರ್ಷವೇ ಬೆಲಾರುಸ್‌ನಿಂದ ಮಿಗ್-29 ತರಿಸಿತು. ಅದಕ್ಕೆ ಸಾಟಿ ನಿಲ್ಲುವ ಶಕ್ತಿ ಈಕ್ವೆಡಾರ್‌ಗೆ ಇರಲಿಲ್ಲ. 1998ರಲ್ಲಿ ಶಾಂತಿ ಒಪ್ಪಂದವಾದದ್ದು ದೊಡ್ಡ ನೆಮ್ಮದಿ. ಮರುವರ್ಷ ಬ್ಯಾಂಕುಗಳು ಮುಳುಗಿದವು. 2000ದಲ್ಲಿ ದೇಶ ತನ್ನ ನಾಣ್ಯ ಸುಕ್ರೆಯನ್ನೇ ಕೈಬಿಟ್ಟು ಅಮೆರಿಕದ ಡಾಲರ್ ಹಿಡಿಯಿತು. ಹೀಗಿರುವಾಗ ವಿಮಾನಗಳ ಬಿಡಿಭಾಗಕ್ಕೆ ಹಣ ಎಲ್ಲಿಂದ ಬರಬೇಕು? ಜಾಗ್ವಾರ್‌ಗಳು ಸೇವೆಯಿಂದ ಮರೆಯಾದವು, ಮಿರಾಜ್‌ಗಳು ಮುಪ್ಪಾದವು.

ಈ ದೌರ್ಬಲ್ಯ ಬಯಲಾದದ್ದು 2008ರ ಮಾರ್ಚ್ 1ರಂದು. ಅಂದು ನಸುಕಿನಲ್ಲಿ ಕೊಲಂಬಿಯಾ, ಈಕ್ವೆಡಾರ್ ನೆಲದ ಅಂಗೊಸ್ತುರಾ ಎಂಬಲ್ಲಿ ಬೀಡುಬಿಟ್ಟಿದ್ದ ಫಾರ್ಕ್ ಗೆರಿಲ್ಲಾಗಳ ಮೇಲೆ ಬಾಂಬು ಹಾಕಿ ನಾಯಕ ರೌಲ್ ರೇಯೆಸ್‌ನನ್ನು ಕೊಂದಿತು. ತನ್ನ ನೆಲದ ಮೇಲೆ ಬಾಂಬು ಬಿದ್ದರೂ ಈಕ್ವೆಡಾರ್ ತಡೆಯಲಾಗಲಿಲ್ಲ. ಅಧ್ಯಕ್ಷ ರಫೇಲ್ ಕೊರಿಯಾ ಕೆರಳಿದರು. ಅವಸರದ ಖರೀದಿ ಆರಂಭವಾಯಿತು. ಚೀನಾದಿಂದ ರಾಡಾರ್, ಬ್ರೆಜಿಲ್‌ನಿಂದ ಸೂಪರ್ ಟುಕಾನೊ, ದಕ್ಷಿಣ ಆಫ್ರಿಕಾದಿಂದ ಹಳೆಯ ಚೀತಾ ಜೆಟ್‌ಗಳು. ವೆನಿಜುವೆಲಾ ತಾನು ಬಳಸಿದ್ದ ಆರು ಮಿರಾಜ್-50 ವಿಮಾನಗಳನ್ನು ದಾನವಾಗಿ ಕೊಟ್ಟಿತು. ರಾಡಾರ್‌ಗಳು ಬೇಡಿಕೆಗೆ ತಕ್ಕಂತೆ ಕೆಲಸ ಮಾಡಲಿಲ್ಲವೆಂದು ಚೀನಾದ ಒಪ್ಪಂದ ಮುಂದೆ ರದ್ದಾಯಿತು.

ಬೆಂಗಳೂರು ಈ ಕಥೆಯೊಳಗೆ ಬಂದದ್ದೂ 2008ರಲ್ಲೇ. ಏಳು ಧ್ರುವ ಹೆಲಿಕಾಪ್ಟರ್‌ಗಳಿಗೆ ಸುಮಾರು 45 ದಶಲಕ್ಷ ಡಾಲರ್ ಒಪ್ಪಂದ. ಹೆಸರಾಂತ ಕಂಪನಿಗಳಿಗೆ ಹೋಲಿಸಿದರೆ ಬೆಲೆ ಅಗ್ಗ. ಸಿಯಾಚಿನ್ ಎತ್ತರದಲ್ಲಿ ಹಾರಬಲ್ಲ ಯಂತ್ರ ಆಂಡೀಸ್‌ನಲ್ಲೂ ಹಾರೀತು ಎಂಬುದು ಎಣಿಕೆ. ಕ್ವಿಟೊ ನಗರವೇ ಸಮುದ್ರಮಟ್ಟದಿಂದ 2,800 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಹೆಲಿಕಾಪ್ಟರಿನ ರೆಕ್ಕೆಗಳಿಗೆ ಆಸರೆ ಕಡಿಮೆ. ಎಚ್‌ಎಎಲ್ ಪಾಲಿಗೆ ಇದು ವಿದೇಶದಿಂದ ಬಂದ ಮೊದಲ ದೊಡ್ಡ ಬೇಡಿಕೆ. ಈ ಖರೀದಿಯನ್ನು ವಿರೋಧಿಸಿದ್ದ ವಾಯುಪಡೆಯ ಮಾಜಿ ಮುಖ್ಯಸ್ಥ ಜನರಲ್ ಹೋರ್ಹೆ ಗಬೆಲಾ 2010ರ ಡಿಸೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಗುಂಡೇಟಿಗೆ ಗುರಿಯಾಗಿ ತೀರಿಕೊಂಡರು. ಆ ಕೊಲೆಯ ಕಾರಣದ ಬಗ್ಗೆ ಅಲ್ಲಿ ವರ್ಷಗಟ್ಟಲೆ ವಿವಾದ ನಡೆಯಿತು.

2009ರ ಅಪಘಾತಕ್ಕೆ ಪೈಲಟ್‌ನ ತಪ್ಪು ಕಾರಣ ಎನ್ನಲಾಯಿತು. 2014ರಲ್ಲಿ ಇನ್ನೊಂದು ಬಿತ್ತು. 2015ರ ಜನವರಿ ಒಂದೇ ತಿಂಗಳಲ್ಲಿ ಎರಡು ಬಿದ್ದವು. ಏಳರಲ್ಲಿ ನಾಲ್ಕು ಹೋದಂತಾಯಿತು. ಎರಡು ಅಪಘಾತಗಳಿಗೆ ಯಂತ್ರದೋಷವೇ ಕಾರಣ, ಬಿಡಿಭಾಗಗಳೂ ಸಕಾಲಕ್ಕೆ ಬರಲಿಲ್ಲ ಎಂದು ಈಕ್ವೆಡಾರ್ ದೂರಿತು. ಖಾತರಿ ಅವಧಿ ಮುಗಿದ ಮೇಲೆ ನಿರ್ವಹಣೆಯ ಹೊಣೆ ಹೊತ್ತದ್ದು ಅಲ್ಲಿನ ವಾಯುಪಡೆಯೇ ಎಂದು ಎಚ್‌ಎಎಲ್ ಹೇಳಿತು. 2015ರ ಅಕ್ಟೋಬರ್‌ನಲ್ಲಿ ಒಪ್ಪಂದ ರದ್ದಾಯಿತು. ಉಳಿದ ಮೂರು ಹಾರಾಟ ನಿಲ್ಲಿಸಿದವು.

ಯಾರದು ತಪ್ಪು? ಎರಡೂ ಕಡೆಯ ಮಾತಿನಲ್ಲಿ ಒಂದು ಸಂಗತಿ ಸಮಾನವಾಗಿದೆ. ಜಗಳ ನಡೆದದ್ದು ಹೆಲಿಕಾಪ್ಟರಿನ ಬೆಲೆಯ ಬಗ್ಗೆ ಅಲ್ಲ, ಕೊಂಡ ಮೇಲಿನ ಆರೈಕೆಯ ಬಗ್ಗೆ. ಒಂದು ಯುದ್ಧವಿಮಾನ ಮೂವತ್ತು ವರ್ಷ ಹಾರಬೇಕಾದರೆ ಅಷ್ಟೂ ವರ್ಷ ಬಿಡಿಭಾಗ ಬೇಕು, ನುರಿತ ಮೆಕ್ಯಾನಿಕ್‌ಗಳು ಬೇಕು, ಪೈಲಟ್‌ಗಳಿಗೆ ಸಾಕಷ್ಟು ಗಂಟೆಗಳ ಹಾರಾಟ ಬೇಕು. ಫ್ರಾನ್ಸ್, ಇಸ್ರೇಲ್, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಭಾರತ ಎಂದು ಸಿಕ್ಕ ಕಡೆಯಿಂದೆಲ್ಲ ತಂದಾಗ ಒಂದಕ್ಕೆ ಬಳಸಿದ ಸ್ಪ್ಯಾನರ್ ಇನ್ನೊಂದಕ್ಕೆ ಬಾರದು. ಒಂದರ ಮೇಲೆ ಪಳಗಿದ ಕೈಗೆ ಇನ್ನೊಂದು ಹೊಸತು. ದೊಡ್ಡ ದೇಶಗಳು ಈ ಖರ್ಚನ್ನು ನೂರಾರು ವಿಮಾನಗಳ ಮೇಲೆ ಹಂಚಿಕೊಳ್ಳುತ್ತವೆ. ಏಳೇ ಇದ್ದವರು ಏಳರ ಮೇಲೆ ಹಂಚಬೇಕು.

ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ. ಈಕ್ವೆಡಾರ್ ಈ ಮಾತನ್ನು ಪೈಲಟ್‌ಗಳ ಪ್ರಾಣ ತೆತ್ತು ಕಲಿಯಿತು. ಮಾರುವವರಿಗೂ ಇದರಲ್ಲಿ ಪಾಠವಿದೆ. ಇಂದು ವಿದೇಶಗಳಿಗೆ ವಿಮಾನ ಮಾರುವ ಆಸೆ ಹೊತ್ತ ಬೆಂಗಳೂರಿನ ಕಾರ್ಖಾನೆಗೆ, ಕ್ವಿಟೊದಲ್ಲಿ ಬಿದ್ದ ಹೆಲಿಕಾಪ್ಟರ್ ಒಂದು ಎಚ್ಚರಿಕೆ. ಯಂತ್ರ ಹಡಗು ಹತ್ತಿದ ದಿನ ಮಾರಾಟ ಮುಗಿಯಬಹುದು, ಹೊಣೆ ಮುಗಿಯುವುದಿಲ್ಲ.